ದಿನಕ್ಕೆ ಎಂಟು ಹಾಳೆ

ನಾನು ನಿಂತಿದ್ದು ಮೆಹದಿಪಟ್ಟಣಂ ಬಸ್ ನಿಲ್ದಾಣದ ಎದುರಿನ ಇರಾನಿ ಹೋಟೆಲಿನ ಎರಡನೇ ಮೆಟ್ಟಿಲ ಮೇಲೆ. ಸೋಮವಾರ, ಬೆಳಿಗ್ಗೆ ಎಂಟು ನಲವತ್ತು. ರಸ್ತೆಯಾಚೆ, ಮಹಡಿ ಮೆಟ್ಟಿಲ ಕೆಳಗಿನ ಝೆರಾಕ್ಸ್ ಅಂಗಡಿಯವರು ಕಂದು ಲಕೋಟೆಯೊಂದನ್ನು ಹಿಡಿದು ಅತ್ತಿತ್ತ ನೋಡಿದರು, ಆಮೇಲೆ ಯಂತ್ರದ ಕೆಳಗೆ ಸರಿಸಿದರು. ಅವರ ಬಲಗೈ ಹೆಬ್ಬೆರಳು ಟೋನರ್ ಪುಡಿಯಿಂದ ಸದಾ ಕಪ್ಪು. ಅಷ್ಟು ದೂರದಿಂದಲೂ ಅದು ಕಂಡಿತು. ಲಕೋಟೆಯ ಮೇಲೆ ಏನೋ ಕೆಂಪಗಿತ್ತು. ನಾನು ನೋಡಿದ್ದು ಇಷ್ಟೇ.

ಗೋಡೆಗೊಂದು ಕಂಪ್ಯೂಟರ್ ಕೋರ್ಸಿನ ಜಾಹೀರಾತು ಅಂಟಿದ್ದ ಕಾಲ ಅದು. ನಮ್ಮ ತಂದೆಗೆ ಮೈಸೂರಿನಿಂದ ವರ್ಗವಾಗಿ ನಾವು ಈ ಊರಿಗೆ ಬಂದಿದ್ದೆವು. ಬೆಳಿಗ್ಗೆ ಇಂಜಿನಿಯರಿಂಗ್ ಕಾಲೇಜು, ಮಧ್ಯಾಹ್ನ ಜಾವಾ ಕೋರ್ಸು, ಸಂಜೆ ಇಬ್ಬರು ಮಕ್ಕಳಿಗೆ ಪಾಠ. ಮೂರು ವಿಷಯ ಬಾಕಿ ಉಳಿಸಿಕೊಂಡಿದ್ದೆ. ಅದರಲ್ಲೊಂದಾದ ಗಣಿತ ಮತ್ತೆ ಹೋದರೆ ಒಂದು ವರ್ಷವೇ ಹೋಗುತ್ತಿತ್ತು.

ಹಿರಿಯ ವಿದ್ಯಾರ್ಥಿಯೊಬ್ಬನ ಮುನ್ನೂರು ಪುಟದ ಗಣಿತದ ನೋಟ್ಸನ್ನು ಝೆರಾಕ್ಸ್ ಮಾಡಲು ಅಂಗಡಿಯವರ ಕೈಗೆ ಕೊಟ್ಟೆ. ಬೀದರ್ ಕಡೆಯವರು. ಅವರು ನನಗೆ ಕೊಟ್ಟದ್ದು ಎಂಟು ಹಾಳೆ.

"ಉಳಿದದ್ದು ಅಣ್ಣಾ?"

"ಇದನ್ನ ಓದಿ ಬಾ. ನಾಳಿಗಿ ಎಂಟು ಕೊಡ್ತೀನಿ."

"ನನಗೆ ದಿನಾ ಬರೋಕೆ ಪುರುಸೊತ್ತಿಲ್ಲ. ಎಲ್ಲಾ ಒಟ್ಟಿಗೆ ಕೊಡಿ."

"ಪುರುಸೊತ್ತ ಇಲ್ಲದವರಿಗಿ ಮುನ್ನೂರು ಹಾಳಿ ಯಾಕ್ರೀ ಇಂಜಿನಿಯರ್ ಸಾಹೇಬ್ರ? ತಲಿದಿಂಬು ಮಾಡ್ಕೋತೀರೇನು?" ಎಂದು ನಕ್ಕರು. ಆಮೇಲೆ ಕೇಳಿದರು, "ಬಸ್ಸಿನ್ಯಾಗ ಎಷ್ಟೊತ್ತು ಕುಂದರ್ತಿ?"

"ನಲವತ್ತು ನಿಮಿಷ."

"ಅಷ್ಟಕ್ಕ ಎಂಟೇ ಹಾಳಿ. ಲೆಕ್ಕಾ ಹಾಕೇ ಕೊಟ್ಟೀನಿ."

ಹಾಳೆಗಳು ಯಂತ್ರದಿಂದ ಬಿಸಿಬಿಸಿ ಬರುತ್ತಿದ್ದವು. ಸುತ್ತ ಒಂದು ಕೆಂಪು ರಬ್ಬರ್ ಬ್ಯಾಂಡ್ ಹಾಕಿ ಕೊಡುತ್ತಿದ್ದರು. ನಾನು ಅದನ್ನು ಮಣಿಕಟ್ಟಿಗೆ ಏರಿಸಿಕೊಂಡು ಬಸ್ ಹತ್ತುತ್ತಿದ್ದೆ. ಮರುದಿನ ಹಿಂದಿನ ಎಂಟರಲ್ಲಿ ಯಾವುದೋ ಚಿತ್ರದ ಮೇಲೆ ಆ ಕಪ್ಪು ಹೆಬ್ಬೆರಳು ಇಟ್ಟು, "ಈ ಬಾಣ ಯಾಕ ಇತ್ತಾಗ ಹೊಂಟೈತಿ?" ಎಂದು ಕೇಳುತ್ತಿದ್ದರು. ಏಳನೇ ತರಗತಿಯವರೆಗೆ ಓದಿದವರು. ನಾನು ವಿವರಿಸಬೇಕು, ಅವರಿಗೆ ತಿಳಿಯಬೇಕು. ತಿಳಿಯದಿದ್ದರೆ, "ನನಗ ತಿಳೀಲಿಲ್ಲ ಅಂದ್ರ ನಿನಗೂ ತಿಳಿದಿಲ್ಲ. ಹೋಗು, ಅವೇ ಹಾಳಿ ಮತ್ತ ಓದು," ಎಂದು ಮುಂದಿನ ಗಿರಾಕಿಯ ಕಡೆ ತಿರುಗುತ್ತಿದ್ದರು.

ನನಗೆ ಅನುಮಾನವಿತ್ತು. ಒಂದೇ ದಿನದ ಕೆಲಸವನ್ನು ತಿಂಗಳುಗಟ್ಟಲೆ ಎಳೆಯುವ ಅಂಗಡಿಯವನಿಗೆ ಇದರಲ್ಲಿ ಏನು ಸಿಗುತ್ತದೆ? ಉಳಿದ ಹಾಳೆ ಎಲ್ಲಿಡುತ್ತಾರೆ? ಯಾರಿಗೆ ತೋರಿಸುತ್ತಾರೆ? ಅವರು ನೀರು ಕುಡಿಯಲು ತಿರುಗಿದಾಗ ನಾನು ಬಗ್ಗಿ ಯಂತ್ರದ ಕೆಳಗೆ ನೋಡಿದ್ದೂ ಉಂಟು. ಕಟ್ಟುಗಳಿದ್ದವು, ಯಾರದೆಂದು ಗೊತ್ತಾಗಲಿಲ್ಲ. ಆ ವರ್ಷ ಗಣಿತದ ಪ್ರಶ್ನೆಪತ್ರಿಕೆ ಯಾವುದೋ ಝೆರಾಕ್ಸ್ ಅಂಗಡಿಯಿಂದ ಹೊರಬೀಳುತ್ತದೆ ಎಂಬ ಮಾತು ಹಬ್ಬಿತ್ತು. ಮೊದಲು ಹೇಳಿದವರು ಯಾರೋ ಗೊತ್ತಿಲ್ಲ. ನನ್ನ ಕಿವಿಗೆ ಮೂರು ಬಾಯಿಂದ ಬಿತ್ತು.

ಶನಿವಾರ ಕೊನೆಯ ಎಂಟು ಕೇಳಿದೆ. "ಸೋಮವಾರ ಬಾ," ಎಂದರು. ಪರೀಕ್ಷೆಯೇ ಸೋಮವಾರ, ಮಧ್ಯಾಹ್ನ ಎರಡಕ್ಕೆ. ಆ ಮಾತು ನನಗೆ ಸರಿ ಕಾಣಲಿಲ್ಲ.

ಅದಕ್ಕೇ ಆ ಬೆಳಿಗ್ಗೆ ನೇರ ಅಂಗಡಿಗೆ ಹೋಗದೆ ಈಚೆ ನಿಂತು ನೋಡುತ್ತಿದ್ದೆ. ನನ್ನ ಹಾಳೆಗಳು ಒಂದು ದಿನವೂ ಲಕೋಟೆಯಲ್ಲಿ ಬಂದಿರಲಿಲ್ಲ. ಅಷ್ಟರಲ್ಲಿ ನಮ್ಮ ಗಣಿತದ ಮೇಷ್ಟ್ರು ಬಸ್ಸಿನಿಂದ ಇಳಿದರು. ಓಡಿಹೋಗಿ ಲಕೋಟೆಯ ವಿಷಯ ಹೇಳಿದೆ.

"ಸೀಲ್ ಇತ್ತಾ?" ಎಂದು ತೆಲುಗಿನಲ್ಲಿ ಕೇಳಿದರು.

"ಇತ್ತು ಸರ್. ಕೆಂಪು ಅರಗು."

"ನೀನೇ ನೋಡಿದೆಯಾ?"

"ನೋಡಿದೆ ಸರ್."

ನಿಲ್ದಾಣದ ಕಾನ್‌ಸ್ಟೆಬಲ್‌ನನ್ನು ಕರೆದುಕೊಂಡು ಮೇಷ್ಟ್ರು ರಸ್ತೆ ದಾಟಿದರು. ಹಿಂದೆ ನಾನು. ಯಂತ್ರದ ಕೆಳಗಿನಿಂದ ಲಕೋಟೆ ಹೊರಬಂತು. ಅದರ ಮೇಲೆ ಅರಗಿರಲಿಲ್ಲ. ಎರಡು ಸುತ್ತು ಹಾಕಿದ ಕೆಂಪು ರಬ್ಬರ್ ಬ್ಯಾಂಡ್ ಇತ್ತು. ಅಂಥದೇ ಒಂದು ಆಗಲೂ ನನ್ನ ಮಣಿಕಟ್ಟಿನ ಮೇಲಿತ್ತು.

ಒಳಗೆ ಎಂಟು ಹಾಳೆ, ಜೊತೆಗೊಂದು ಕನ್ನಡದ ಚೀಟಿ. ಕಾನ್‌ಸ್ಟೆಬಲ್‌ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಯಾರಿಗೆ ಓದಲು ಬರುತ್ತದೆ?" ಅಂಗಡಿಯವರು ನನ್ನನ್ನು ನೋಡಿದರು. ನಾನೇ ಗಟ್ಟಿಯಾಗಿ ಓದಿದೆ:

"ಇವು ಕೊನೀ ಎಂಟು. ಸೂತ್ರ ಅಷ್ಟೇ ಅದಾವ, ಹೆದರಬ್ಯಾಡ. ಹನ್ನೆರಡಕ್ಕ ಓದೂದು ಬಂದ್ ಮಾಡು. ಉಂಡು ಹೋಗು."

ಆಮೇಲೆ ಅದನ್ನೇ ತೆಲುಗಿನಲ್ಲಿ ಹೇಳಿದೆ. ಅಲ್ಲಿಗೆ ಮುಗಿಯಬೇಕಿತ್ತು. "ಇದಲ್ಲದಿದ್ದರೆ ಇನ್ನೊಂದು ಇದ್ದೇ ಇರುತ್ತೆ, ಹುಡುಕಿ," ಎಂದರು ಮೇಷ್ಟ್ರು. ಕಟ್ಟುಗಳನ್ನೆಲ್ಲ ಬಿಚ್ಚಿ ಎಸೆದರು. ಏನೂ ಸಿಗಲಿಲ್ಲ. ಆದರೂ ಅಂಗಡಿಯವರನ್ನು ವಿಚಾರಣೆಗೆಂದು ಜೀಪಿಗೆ ಹತ್ತಿಸಿದರು. ಸಂಜೆ ಬಿಟ್ಟರಂತೆ. ಆದರೆ ಹತ್ತಿದ್ದನ್ನು ಬಸ್ ನಿಲ್ದಾಣವೆಲ್ಲ ನೋಡಿತ್ತು, ಇಳಿದದ್ದನ್ನು ಯಾರೂ ನೋಡಲಿಲ್ಲ. ವಾರದೊಳಗೆ ಕಟ್ಟಡದ ಮಾಲೀಕ ಅಂಗಡಿ ಬಿಡಿಸಿದ.

ನಾನು ಎರಡಕ್ಕೆ ಪರೀಕ್ಷೆ ಬರೆದೆ. ಉಂಡು ಹೋಗಲಿಲ್ಲ. ಗಣಿತ ಪಾಸಾಯಿತು.

ನಾಲ್ಕು ತಿಂಗಳ ಮೇಲೆ ಅವರನ್ನು ಊರಿನ ಇನ್ನೊಂದು ಪೇಟೆಯಾದ ಅಬಿಡ್ಸ್‌ನಲ್ಲಿ ಕಂಡೆ. ಬೇರೆಯವರ ಅಂಗಡಿ, ಬೇರೆಯವರ ಯಂತ್ರ. ಕ್ಷಮೆ ಕೇಳಬೇಕೆಂದು ಒಳಗೆ ಹೋದೆ. ನಾನು ಕೇಳುವ ಮೊದಲೇ ಅವರು ಹೇಳಿದರು:

"ನೋಡಿದ್ದು ಹೇಳಿದಿ, ಅದಕ್ಕ ಸಿಟ್ಟಿಲ್ಲ ತಮ್ಮಾ. ನೋಡದ್ದೂ ಹೇಳಿದಿ." ಯಂತ್ರಕ್ಕೆ ಹಾಳೆ ತುಂಬುತ್ತಾ, "ಇನ್ನ ಎಷ್ಟು ವಿಷಯ ಬಾಕಿ ಅದಾವ?"

"ಎರಡು."

"ನೋಟ್ಸ್ ತಾ."

ಮರುದಿನ ಒಯ್ದು ಕೊಟ್ಟೆ. ಹಾಳೆ ಎಣಿಸಿ ನೋಡಿದರೆ ಹನ್ನೆರಡಿದ್ದವು. "ಇಲ್ಲಿಂದ ಬಸ್ಸು ದೂರ ಆಕ್ಕೈತಿ," ಎಂದರು. ರಬ್ಬರ್ ಬ್ಯಾಂಡ್ ಇತ್ತು, ಬಾಣದ ಪ್ರಶ್ನೆ ಇತ್ತು. ಎರಡೂ ವಿಷಯ ಪಾಸಾಗುವವರೆಗೆ ನಡೆಯಿತು. ಚೀಟಿ ಮಾತ್ರ ಮತ್ತೆಂದೂ ಬರಲಿಲ್ಲ.

ನಾನು ಗಚ್ಚಿಬೌಲಿಯಲ್ಲಿ ಕೆಲಸಕ್ಕೆ ಸೇರಿದ ಎರಡನೇ ವರ್ಷ ಅವರು ಎದೆನೋವಿನಿಂದ ತೀರಿಕೊಂಡರು. ನನಗೆ ಸುದ್ದಿ ಮುಟ್ಟಿದಾಗ ಮೂರು ದಿನವಾಗಿತ್ತು.

ಆ ಬೆಳಿಗ್ಗೆ ಲಕೋಟೆ ಕಂಡವರಲ್ಲಿ ಕಾನ್‌ಸ್ಟೆಬಲ್‌ ಈಗಿಲ್ಲ. ಮೇಷ್ಟ್ರು ಎಲ್ಲಿದ್ದಾರೋ ತಿಳಿಯದು. ಇರಾನಿ ಹೋಟೆಲಿನ ಗಲ್ಲಾದವನು ಇದ್ದಾನೆ, ಗಡ್ಡ ಬೆಳ್ಳಗಾಗಿದೆ. ಆ ದಿನ ಅವನು ಬಾಗಿಲಲ್ಲಿ, ನನಗಿಂತ ಒಂದು ಮೆಟ್ಟಿಲು ಮೇಲೆ ನಿಂತಿದ್ದ. ಹೋದ ವರ್ಷ ಕೇಳಿದೆ, ಲಕೋಟೆಯ ಮೇಲೆ ಕೆಂಪಗೆ ಏನಿತ್ತು?

"ರಬ್ಬರ್ ಬ್ಯಾಂಡ್ ಥಾ ನಾ, ಮಿಯಾ," ಎಂದ, ಚಹಾ ಮುಂದೆ ಸರಿಸುತ್ತಾ.

ಆವತ್ತೇ ಯಾಕೆ ಹೇಳಲಿಲ್ಲ ಎಂದೆ.

"ಕೌನ್ ಪೂಛಾ?" ಎಂದ.

ಯಾರೂ ಕೇಳಿರಲಿಲ್ಲ. ಪಕ್ಕದಲ್ಲೇ ನಿಂತಿದ್ದ ನಾನೂ ಕೇಳಿರಲಿಲ್ಲ.