ಸಂದು ತುಂಬಿದವಳು

ಮನೆತನದ ಹಿರಿಯಜ್ಜ ಒಂದೇ ಮರ ಕೊರೆದು ದೋಣಿ ಮಾಡಿದವನು. ಅವನ ಮಗ ಹಲಗೆ ಜೋಡಿಸಿ ನಲವತ್ತು ಜನ ಕೂರುವ ದೋಣಿ ಕಟ್ಟಿದ. ಹೊಳೆ ಉಕ್ಕಿದ ವರ್ಷ ಅರ್ಧ ಊರನ್ನು ಅದರಲ್ಲಿ ದಡ ಮುಟ್ಟಿಸಿದ. ಮೊಮ್ಮಗ, ಅಂದರೆ ರಾಳಮ್ಮನ ಗಂಡ, ಅರವತ್ತೆರಡು ದೋಣಿ ನೀರಿಗಿಳಿಸಿದ ಬಡಗಿ. ದೋಣಿಯ ಮೂತಿಯ ಮೇಲೆ ಈ ಗಂಡಸರ ಹೆಸರು ಕೆತ್ತಿರುತ್ತಿತ್ತು. ಅವರ ಹೆಂಡಿರು ಏನು ಮಾಡಿದರೆಂದು ಯಾರೂ ಕೇಳಲಿಲ್ಲ.

ಅವರು ಸಂದು ತುಂಬಿದರು. ಹಲಗೆ ಹಲಗೆಯ ನಡುವೆ ಎಣ್ಣೆಯಲ್ಲಿ ನೆನೆದ ನಾರು ತುರುಕಿ, ಮರದ ಕೊಡತಿಯಲ್ಲಿ ಬಡಿದು, ಮೇಲೆ ಕಾದ ರಾಳ ಎಳೆಯುವುದು ಹೆಂಗಸರ ಪಾಲಿನ ಕೆಲಸ. ಅದಿಲ್ಲದಿದ್ದರೆ ಎಂಥ ಹಲಗೆ ದೋಣಿಯೂ ಜರಡಿಯೇ. "ಕಣ್ಣು ನಂಬಬೇಡ ಕಣೇ, ಕಿವಿ ನಂಬು," ಎಂದು ಅತ್ತೆ ರಾಳಮ್ಮನಿಗೆ ಕಲಿಸಿದ್ದಳು. ಸಂದು ಪೊಳ್ಳಿರುವ ತನಕ ಕೊಡತಿ ದಬ್ ದಬ್ ಎನ್ನುತ್ತದೆ, ತುಂಬಿದ ಗಳಿಗೆಗೆ ಠಣ್ ಎನ್ನುತ್ತದೆ. ಮೂವತ್ತೆಂಟು ವರ್ಷ ಆ ಸದ್ದು ಕೇಳಿ ಅವಳ ಎಡಗಿವಿ ಮಂದವಾಯಿತು. ಬೆರಳು ಎಷ್ಟು ತಿಕ್ಕಿದರೂ ಕಪ್ಪು. ಅದರಿಂದಲೇ ರಾಳಮ್ಮ ಎಂಬ ಹೆಸರು ಅಂಟಿದ್ದು. ಅಪ್ಪ ಇಟ್ಟ ಹೆಸರು ಗಂಡನಿಗೂ ಮರೆತುಹೋಗಿತ್ತು.

"ಅಜ್ಜ ದೋಣಿ ಕಟ್ಟುವಾಗ ನೀನೇನು ಮಾಡ್ತಿದ್ದೆ ಅಜ್ಜಿ? ಟೀ ಕಾಸಿ ಕೊಡ್ತಿದ್ಯಾ?" ಎಂದು ಕಾಲೇಜಿಗೆ ಹೋಗುವ ಮೊಮ್ಮಗಳು ಒಂದು ದಿನ ಛೇಡಿಸಿದಳು.

ಮುದುಕಿಗೆ ಚುರುಕ್ ಎಂದಿತು. ತೋರಿಸೋಣವೆಂದರೆ ಹಳೆಯ ದೋಣಿಗಳೆಲ್ಲ ಸೌದೆಯಾಗಿದ್ದವು. ಉಳಿದದ್ದು ಒಂದೇ, ಮ್ಯೂಸಿಯಂ ಸೇರಿದ್ದ ಗಂಡನ ಕೊನೆಯ ದೋಣಿ. "ನಿಮ್ಮಜ್ಜಂದು ನಿಂತರೆ ಕಾಣುತ್ತೆ, ನಂದು ಬಗ್ಗಿ ನೋಡಬೇಕು. ನಡಿ," ಎಂದು ಹೊರಡಿಸಿದಳು.

ದೋಣಿ ಕಟ್ಟೆಯ ಮೇಲೆ ಪಾಲಿಶ್ ಹೊಡೆಸಿಕೊಂಡು ಮದುಮಗನಂತೆ ಕೂತಿತ್ತು. ಫಲಕದಲ್ಲಿ ಮೂರು ಗಂಡಸರ ಹೆಸರು. ರಾಳಮ್ಮ ಸೊಂಟ ಹಿಡಿದುಕೊಂಡು ಕುಕ್ಕರಿಸಿ ಕೂತು ದೋಣಿಯ ತಳಕ್ಕೆ ಬಗ್ಗಿದಳು. ಸಂದುಸಂದಿನಲ್ಲೂ ಬೆಳಕು ತೂರುತ್ತಿತ್ತು.

"ಇಲ್ಲಿದ್ದದ್ದು ಎಲ್ಲಿ?"

"ಆ ಕಪ್ಪು ಕೊಳೇನಾ ಅಜ್ಜಿ?" ಎಂದಳು ಮ್ಯೂಸಿಯಂ ನೋಡಿಕೊಳ್ಳುವ ಅಧಿಕಾರಿಣಿ. "ಕೆರೆಯೋಕೆ ಎರಡು ತಿಂಗಳು ಬೇಕಾಯ್ತು. ಈಗ ಮರ ಎಷ್ಟು ಚೆನ್ನಾಗಿ ಕಾಣುತ್ತೆ ನೋಡಿ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ದೊಣ್ಣೆಗೂ ಎರಡು ತಿಂಗಳು ಹಿಡಿದಿತ್ತು. ಅಷ್ಟು ಗಟ್ಟಿಯಾಗಿ ತುಂಬಿದ್ದಳು.

ಮೊಮ್ಮಗಳಿಗೆ ಈಗ ತಿಳಿಯಿತು. "ಮೇಡಂ, ಅದು ಕೊಳೆಯಲ್ಲ. ನಮ್ಮಜ್ಜಿ ಮಾಡಿದ ಕೆಲಸ," ಎಂದಳು.

ಅಧಿಕಾರಿಣಿಯ ಮುಖ ಸಣ್ಣದಾಯಿತು. "ಗೊತ್ತಾಗ್ಲಿಲ್ಲ ಅಜ್ಜಿ. ಫಲಕದಲ್ಲಿ ನಿಮ್ಮ ಹೆಸರೂ ಬರೆಸ್ತೀನಿ. ಜನ ಕೊಡ್ತೀನಿ, ನೀವು ಕೂತು ಹೇಳಿ, ಮತ್ತೆ ತುಂಬಿಸೋಣ," ಎಂದು ಅವಳನ್ನು ಎಬ್ಬಿಸಲು ತೋಳು ಹಿಡಿದಳು.

ರಾಳಮ್ಮ ಸಂದಿನಲ್ಲಿ ಬೆರಳಿಟ್ಟಳು. ಬೆರಳು ಆಚೆ ಬದಿಗೆ ಹೋಯಿತು.

"ಬೇಡ ತಾಯಿ. ನೀರು ಕಾಣದ ದೋಣಿಗೆ ಸಂದು ತುಂಬೋದು, ಬತ್ತಿದ ಬಾವಿಗೆ ಹಗ್ಗ ಹೊಸೆದ ಹಾಗೆ. ಹೆಸರಂತೂ ಹಾಕಲೇಬೇಡ. ಕಸುಬು ಬಲ್ಲೋನು ಯಾವನಾದ್ರೂ ಬಂದು ನೋಡಿದ್ರೆ, ಇಷ್ಟು ತೂತು ಬಿಟ್ಟೋಳು ಇವಳೇನಾ ಅಂತಾನೆ. ತೋಳು ಬಿಡು, ನಾನೇ ಏಳ್ತೀನಿ."