ಹುಣ್ಣು ತೊಳೆಯಲು ಹೋದ ಮನೆ

ನಾನು ಕೊಳ್ಳೇಗಾಲದ ಕಡೆಯವಳು. ನರ್ಸಿಂಗ್ ಓದಿ, ಮೈಸೂರಿನಲ್ಲಿ ಕೆಲವು ವರ್ಷ ಕೆಲಸ ಮಾಡಿ, ನಮ್ಮ ಚರ್ಚಿನ ಸಭೆಯ ಮೂಲಕ ತಮಿಳುನಾಡಿನ ಕಂಬಂ ಕಣಿವೆಯ ಒಂದು ಸಣ್ಣ ಮಿಷನ್ ಆಸ್ಪತ್ರೆಗೆ ಬಂದೆ. ಹಾಸಿಗೆ ಹಿಡಿದವರ ಮನೆಗೇ ಹೋಗಿ ಹುಣ್ಣು ತೊಳೆಯುವುದು, ಮೂತ್ರದ ಕೊಳವೆ ಬದಲಿಸುವುದು, ಮನೆಯವರಿಗೆ ಅದನ್ನೆಲ್ಲ ಕಲಿಸುವುದು ನನ್ನ ಕೆಲಸ. ಊರು ಬಿಡುವಾಗ ಸುವಾರ್ತೆ ಸಾರಲು ಹೊರಟಿದ್ದೇನೆ ಎಂಬ ಹೆಮ್ಮೆ ಇತ್ತು. ಬಂದ ಮೇಲೆ ದಿನದ ಬಹುಪಾಲು ಸ್ಕೂಟರಿನ ಮೇಲೇ ಕಳೆಯತೊಡಗಿತು.

ಚಿನ್ನಮನೂರಿನಿಂದ ಸ್ವಲ್ಪ ಆಚೆ, ಬಾಳೆತೋಟಗಳ ನಡುವಿನ ಒಂದು ಮನೆಗೆ ಮೊದಲು ಹೋದದ್ದು ಮಳೆ ನಿಂತ ಮೇಲೆ. ಆ ಮನೆಯ ಯಜಮಾನ ತೆಂಗಿನ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ. ಮಲಗಿ ಮಲಗಿ ಬೆನ್ನಿನ ಕೆಳಗೆ ಹುಣ್ಣಾಗಿತ್ತು. ಅವನ ತಾಯಿ ಹೊಸ್ತಿಲಲ್ಲಿ ಕೂತಿದ್ದಳು. ನನ್ನ ಕತ್ತಿನ ಶಿಲುಬೆ ನೋಡಿದವಳೇ ಒಳಗಿದ್ದ ಸೊಸೆಗೆ, "ಇನ್ನೊಬ್ಳು ಬಂದ್ಳು ನೋಡು, ಅವಳ ಸಾಮಿ ಮಾತು ಹೇಳಕ್ಕೆ" ಎಂದಳು.

ಅದು ತಮಿಳಲ್ಲ, ಕನ್ನಡ. ನನಗೆ ಅರಿವಾಗುವುದಕ್ಕೂ ಮುಂಚೆ ಬಾಯಿಂದ ಉತ್ತರ ಹೊರಟಿತ್ತು. "ಇಲ್ಲಮ್ಮ, ಹುಣ್ಣು ನೋಡೋಕೆ ಬಂದೆ."

ಮುದುಕಿ ಎದ್ದು ನಿಂತಳು. "ಅಯ್ಯೋ, ನಮ್ಮ ಮಾತು ಆಡ್ತಾಳಲ್ಲೇ! ನೀ ನಮ್ಮ ಜನವಾ?"

"ನಾವು ಕ್ರೈಸ್ತರು."

"ಕ್ರೈಸ್ತರೊಳಗೆ ಕನ್ನಡ ಆಡೋರೂ ಇದಾರಾ?"

ಅವರ ಹಿರಿಯರು ಎಷ್ಟೋ ತಲೆಮಾರಿನ ಹಿಂದೆ ಮೈಸೂರು ಸೀಮೆಯಿಂದ ಬಂದು ಇಲ್ಲಿ ಬೇಸಾಯಕ್ಕೆ ನೆಲೆಸಿದವರಂತೆ. ಮುದುಕಿ ಕರ್ನಾಟಕ ನೋಡಿರಲಿಲ್ಲ. ಮೊಮ್ಮಕ್ಕಳು ಅವಳ ಮಾತಿಗೆ ತಮಿಳಿನಲ್ಲಿ ಉತ್ತರಿಸುತ್ತಿದ್ದರು. ನನ್ನ ಕನ್ನಡ ಕೇಳಿ ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ಒಳ್ಳೆ ರೇಡಿಯೋ ಪೇಸಿದಂಗೆ ಪೇಸ್ತಾಳೆ." ಅವಳ ಕನ್ನಡದಲ್ಲಿ ಮಾತಾಡುವುದೆಂದರೆ ಪೇಸುವುದು.

ಒಳಗೆ ಮಲಗಿದ್ದ ಮಗ ನಗಲಿಲ್ಲ. ಗೋಡೆಯ ಕಡೆ ಮುಖ ಮಾಡಿದ್ದವನು ತಿರುಗದೇ ಹೇಳಿದ: "ಮುಂಚೆ ನಿಮ್ಮೋರು ಯಾರೋ ಬಂದ್ರು. ನಂಬಿಕೆ ಇಲ್ಲೆ, ಅದಕ್ಕೇ ನೀ ಎದ್ದೇಳ್ತಾ ಇಲ್ಲೆ ಅಂದ್ರು. ಜೆಬಗಿಬ ಮಾಡೋದಾದ್ರೆ ಈಗಲೇ ಹೋಗು." ಜೆಬ ಎಂದರೆ ಪ್ರಾರ್ಥನೆ.

ಮಾಡುವುದಿಲ್ಲ ಎಂದು ಮಾತು ಕೊಟ್ಟೆ. ಸಂಜೆ ಆಸ್ಪತ್ರೆಯ ಹಿರಿಯ ಡಾಕ್ಟರಮ್ಮನಿಗೆ ಹೇಳಿದಾಗ ಅವರು ಊಟದ ಡಬ್ಬಿ ಮುಚ್ಚುತ್ತಾ, "ಹುಣ್ಣು ಚೆನ್ನಾಗಿ ತೊಳೆ. ದೇವರಿಗೆ ಅದು ಅರ್ಥವಾಗುತ್ತದೆ" ಎಂದರು. ನನಗೆ ಅಷ್ಟು ಸುಲಭವಾಗಿ ಸಮಾಧಾನವಾಗಲಿಲ್ಲ. ಸ್ಕೂಟರ್ ಓಡಿಸುವಾಗ ಹೆಲ್ಮೆಟ್ಟಿನೊಳಗೇ ಅವನಿಗಾಗಿ ಪ್ರಾರ್ಥಿಸುತ್ತಿದ್ದೆ.

ಹುಣ್ಣು ಮಾಯುವ ಸೂಚನೆ ಕಂಡಿತು, ಆಮೇಲೆ ಮತ್ತೆ ಕೆಟ್ಟಿತು. ಮಗ್ಗುಲು ಬದಲಿಸಲು ಅವನು ಬಿಡುತ್ತಿರಲಿಲ್ಲ. ಹೆಂಡತಿ ಬೆಳಿಗ್ಗೆ ತೋಟ, ಮಧ್ಯಾಹ್ನದಿಂದ ಇವನ ಆರೈಕೆ ಎಂದು ಸೊರಗಿಹೋಗಿದ್ದಳು. ಒಂದು ದಿನ ಬ್ಯಾಂಡೇಜು ಸುತ್ತುತ್ತಿರುವಾಗ ಅವನು ಕೇಳಿದ: "ನಾ ನಡೀತೀನಾ? ನಿಜ ಹೇಳು."

ತಾಯಿ ನನ್ನನ್ನೇ ನೋಡುತ್ತಿದ್ದಳು. ಆಗುತ್ತದೆ ಎಂದುಬಿಡುವುದು ಕಷ್ಟವಿರಲಿಲ್ಲ, ಬಂದವರೆಲ್ಲ ಹಾಗೇ ಹೇಳಿ ಹೋಗಿದ್ದರು.

"ಇಲ್ಲಣ್ಣ," ಎಂದೆ. "ನಡೆಯೋದಾಗಲ್ಲ. ಆದ್ರೆ ಎದ್ದು ಕೂರಬಹುದು."

ಎರಡನೆಯ ಮಾತು ಆಗ ಯಾರಿಗೂ ಕೇಳಿಸಿದಂತಿರಲಿಲ್ಲ. ಮುದುಕಿ ಎದೆ ಬಡಿದುಕೊಂಡಳು. "ಸುಮ್ನೆ ಇರು ಅಮ್ಮಾ" ಎಂದು ಅವನು ಗದರಿ, ನನಗೆ ಮತ್ತೆ ಬರಬೇಡ ಅಂದ. ಅದರ ಮುಂದಿನ ವಾರಗಳಲ್ಲಿ ನಾನು ಹೋದರೂ ಬಾಗಿಲು ಹಾಕಿರುತ್ತಿತ್ತು. ಹೆಂಡತಿ ಹಿತ್ತಿಲಿಂದ ಬಂದು ಹತ್ತಿ, ಔಷಧಿ ತೆಗೆದುಕೊಂಡು ಹೋಗುತ್ತಿದ್ದಳು. ಬೇರೆ ಹೇಗೆ ಹೇಳಬೇಕಿತ್ತು ಎಂದು ಯೋಚಿಸಿ ಯೋಚಿಸಿ ನನಗೆ ಊಟ ಸೇರುತ್ತಿರಲಿಲ್ಲ.

ಆಮೇಲೆ ಅವಳೇ ಫೋನ್ ಮಾಡಿದಳು. "ಬರಬೇಕಂತೆ ಅಕ್ಕಾ."

ಅವನು ಈ ಸಲ ಬಾಗಿಲ ಕಡೆ ಮುಖ ಮಾಡಿದ್ದ. "ಕೂರಬಹುದು ಅಂದೆಯಲ್ಲ, ಅದು ಹೆಂಗೆ?"

ಹುಣ್ಣು ಪೂರ್ತಿ ಮಾಯುವತನಕ ಕೂರುವಂತಿರಲಿಲ್ಲ. ಈಗ ಮಗ್ಗುಲು ಬದಲಿಸುವ ಹೊತ್ತಿಗೆ ಅವನೇ ಫೋನಿನಲ್ಲಿ ಅಲಾರಂ ಇಟ್ಟುಕೊಂಡ. ಹಗ್ಗ ಹಿಡಿದು ತಾನೇ ಹೊರಳುವುದನ್ನು ಕಲಿತ. ಹುಣ್ಣು ಮಾಯ್ದ ಮೇಲೆ ಆಸ್ಪತ್ರೆಯಿಂದ ಗಾಲಿಕುರ್ಚಿ ಬಂದ ದಿನ ಅಂಗಳದಲ್ಲಿ ಕೂತು, ಬಾಳೆಗಿಡಗಳನ್ನು ಒಂದೊಂದಾಗಿ ನೋಡಿ ಹೆಂಡತಿಯನ್ನು ಬೈದ: "ಪಕ್ಕದ ಮರಿಕಂದೆಲ್ಲ ಯಾಕೆ ಕಡಿದಿಲ್ಲೆ?" ಅವಳು ಅಳುತ್ತಾ ಕುಡುಗೋಲು ತರಲು ಓಡಿದಳು. ಈಗ ಅವನು ಪಕ್ಕಗಾಲಿ ಜೋಡಿಸಿದ ಸ್ಕೂಟರಿನಲ್ಲಿ ಚಿನ್ನಮನೂರಿನ ಬಾಳೆಮಂಡಿಗೆ ಹೋಗಿ ತಾನೇ ಬೆಲೆ ಮಾತಾಡುತ್ತಾನೆ.

ಹೋದ ವರ್ಷ ನನ್ನ ಅಪ್ಪ ತೀರಿಕೊಂಡರು. ಊರಿಗೆ ಹೋಗಿ ಮಣ್ಣು ಮಾಡಿ ಬಂದೆ. ವಾಪಸಾದ ಮಾರನೆಯ ದಿನ ಕ್ವಾರ್ಟರ್ಸಿನ ಮುಂದೆ ಆ ಸ್ಕೂಟರ್ ನಿಂತಿತು, ಹಿಂದೆ ಮುದುಕಿ. ಸಾವಿನ ಮನೆಗೆ ಬರಿಗೈಲಿ ಬರಬಾರದೆಂದು ಅಕ್ಕಿ, ತೊಗರಿಬೇಳೆ ತಂದಿದ್ದಳು. ನನ್ನನ್ನು ತಬ್ಬಿ, ಅವರ ಪದ್ಧತಿಯಂತೆ ಕನ್ನಡದಲ್ಲಿ ರಾಗವಾಗಿ ಅತ್ತಳು, ನನ್ನ ಅಪ್ಪನನ್ನು ಒಮ್ಮೆಯೂ ನೋಡಿರದವಳು. ಊರಲ್ಲಿ ಬಂದವರನ್ನೆಲ್ಲ ನಾನೇ ಸಂತೈಸಿದ್ದೆ. ಅತ್ತದ್ದು ಇಲ್ಲಿ. ಅವನು ಸ್ಕೂಟರಿನಲ್ಲೇ ಕೂತು ತಲೆ ತಗ್ಗಿಸಿಕೊಂಡಿದ್ದ. ಹೊರಡುವಾಗ, "ನಾಳೆ ಎಲ್ಲಿಗೂ ಹೋಗಬೇಡ, ರೆಸ್ಟು ತಗೋ" ಎಂದ.

ಮಾರನೆಯ ದಿನ ನಾನು ಹೋಗಲೇಬೇಕಿತ್ತು. ಕೊಡೈಕಾನಲ್ ಇಳಿಜಾರಿನಲ್ಲಿ ತರಕಾರಿ ಹೊತ್ತ ವ್ಯಾನು ಮಗುಚಿ ಬೆನ್ನು ಮುರಿದುಕೊಂಡ ಒಬ್ಬ ಹೆಣ್ಣುಮಗಳು, ಬೆಟ್ಟದ ಬುಡದ ತವರುಮನೆಯಲ್ಲಿದ್ದಳು. ಅವಳ ವಿಷಯ ಹೇಳಿದಾಗ ಅವನು ತಾನೂ ಬರುತ್ತೇನೆಂದು ಹಟ ಹಿಡಿದ. ಸ್ಕೂಟರ್ ಅವಳ ಕಿಟಕಿಯವರೆಗೂ ಹೋಯಿತು. ಒಳಗೆ ನಾನು ಗಾಯ ತೊಳೆಯುತ್ತಿದ್ದೆ. ಅವನು ಕಿಟಕಿಯಾಚೆಯಿಂದ ಹಗ್ಗ ಎಲ್ಲಿ ಕಟ್ಟಬೇಕು, ಯಾವ ಕೈಗೆ ಮೊದಲು ಬಲ ಕೊಡಬೇಕು ಎಂದು ತಮಿಳಿನಲ್ಲಿ ವಿವರಿಸುತ್ತಿದ್ದ. ಅವಳು ಸಂಕೋಚದಿಂದ ಹೊದಿಕೆ ಎಳೆದುಕೊಂಡಾಗ ಅವನು ಮುಖ ಬೇರೆ ಕಡೆ ತಿರುಗಿಸಿಕೊಂಡ. ಮಾತು ಮಾತ್ರ ನಿಲ್ಲಿಸಲಿಲ್ಲ.

ಅವನು ಪ್ರತಿ ವರ್ಷ ಪಳನಿಗೆ ಹೋಗುತ್ತಾನೆ, ಪ್ರಸಾದ ತಂದುಕೊಡುತ್ತಾನೆ. ಚರ್ಚಿಗೆ ಬಂದಿಲ್ಲ, ನಾನೂ ಕರೆದಿಲ್ಲ. ಈಗ ಹೊಸ ರೋಗಿ ಬಂದಾಗ ಡಾಕ್ಟರಮ್ಮ ಮೊದಲು ಕೇಳುವುದು, ಅವನಿಗೆ ಯಾವ ದಿನ ಬಿಡುವಿದೆ ಎಂದು.