ಅಕ್ಕನ ಕೈಯ ಎಣ್ಣೆ

ಗೆಳತಿಯ ಪತ್ತೇದಾರಿ ಕಾದಂಬರಿ ಸಾಗರದಲ್ಲಿ ಬಿಡುಗಡೆ ಆಗುವುದಿತ್ತು. ಅದರ ಗುಣ-ದೋಷದ ಬಗ್ಗೆ ನಾನೇ ಮಾತಾಡಬೇಕು ಎಂದು ಅವಳ ಹಟ. ಅವಳು ತೀರ್ಥಹಳ್ಳಿಯಲ್ಲಿ ಟೀಚರ್. ನಾನು ಹೊಸನಗರದಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಶವಪರೀಕ್ಷೆ ಹೇಗೆ ನಡೆಯುತ್ತದೆ, ನೀರಿಗೆ ಬಿದ್ದವರ ಅಂಗೈ ಹೇಗೆ ಸುಕ್ಕುಗಟ್ಟುತ್ತದೆ ಎಂದೆಲ್ಲ ಕೇಳಿ ತಿಳಿಯಲು ಎರಡು ವರ್ಷ ಭಾನುವಾರ ಭಾನುವಾರ ಬಸ್ಸು ಹತ್ತಿ ಬರುತ್ತಿದ್ದಳು. ಅಮ್ಮ ಅವಳಿಗೆಂದೇ ಕಡುಬು ಮಾಡಿಡುತ್ತಿದ್ದಳು.

ಪುಸ್ತಕ ಬಂತು. ಓದುತ್ತಾ ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡೆ. ಶವಾಗಾರದ ವಿವರ ಭೇಷ್. ಡಾಕ್ಟರು ಕೈಗವಸು ಕಳಚುವ ರೀತಿ ಕೂಡ ಸರಿಯಾಗಿದೆ. ಲ್ಯಾಬಿನ ವರದಿ ಮಾತ್ರ ಎರಡೇ ದಿನಕ್ಕೆ ಬಂದುಬಿಡುತ್ತದೆ, ಅಯ್ಯೋ, ಯಾವ ಲೋಕದಲ್ಲಪ್ಪ! ಪೊಲೀಸರಂತೂ ಪುಟಕ್ಕೊಂದು ಭಾಷಣ ಬಿಗಿಯುತ್ತಾರೆ. ನಗುತ್ತಲೇ ಕೊನೆಯ ಅಧ್ಯಾಯಕ್ಕೆ ಬಂದೆ. ಅಲ್ಲಿ ನನ್ನ ಅಕ್ಕ ಸತ್ತು ಮಲಗಿದ್ದಳು.

ಅಕ್ಕ ಎಷ್ಟೋ ವರ್ಷದ ಹಿಂದೆ ಮನೆಯ ಬಾವಿಗೆ ಬಿದ್ದು ಹೋದವಳು. ಹಾರಿಕೊಂಡಳು ಎಂದು ಊರು ಆಡಿಕೊಂಡಿತು. ಅವಳನ್ನು ಮೇಲೆತ್ತಿ ಮಲಗಿಸಿದಾಗ ಮೊದಲು ಕೈ ಹಿಡಿದವಳು ನಾನು. ಅಂಗೈ ತುಂಬ ಕೊಬ್ಬರಿ ಎಣ್ಣೆ, ಉಗುರಿನ ಸಂದಿಯಲ್ಲಿ ಹಲಸಿನ ಮೇಣ. ನಮ್ಮ ಕಡೆ ಮೇಣ ಅಂಟದಿರಲಿ ಅಂತ ಕೈಗೆ ಎಣ್ಣೆ ಸವರಿಕೊಂಡೇ ಹಲಸಿನಹಣ್ಣಿಗೆ ಕೂರುವುದು. ಅಂಗಳದಲ್ಲಿ ಹಣ್ಣು ಅರ್ಧ ಬಿಡಿಸಿದ್ದು ಹಾಗೇ ಇತ್ತು, ಒಳಗೆ ಕೊಡ ಖಾಲಿ. ಎಣ್ಣೆಗೈಯಲ್ಲೇ ನೀರು ಸೇದಲು ಹೋಗಿದ್ದಾಳೆ, ಹಗ್ಗ ಜಾರಿದೆ. ಸಾಯಬೇಕೆಂದವಳು ಹಲಸಿನಹಣ್ಣು ಬಿಡಿಸುತ್ತಾ ಕೂರುತ್ತಾಳಾ? ನಾನು ಅಮ್ಮನಿಗೆ ಹೇಳಿದ್ದು ಇಷ್ಟೇ. ಅಮ್ಮ ಅದೊಂದು ಮಾತು ಹಿಡಿದುಕೊಂಡೇ ಬದುಕಿದಳು. ಆ ಎಣ್ಣೆಯನ್ನು ಮುಟ್ಟಿ ನೋಡಿದವರು ಬೇರೆ ಯಾರೂ ಇರಲಿಲ್ಲ.

ಒಂದು ಭಾನುವಾರ ಇದನ್ನು ಗೆಳತಿಗೆ ಹೇಳಿದ್ದೆ. ನನ್ನ ಜೊತೆ ಅವಳೂ ಅತ್ತಿದ್ದಳು.

ಕಾದಂಬರಿಯಲ್ಲಿ ಪತ್ತೇದಾರ ಅದೇ ಎಣ್ಣೆಯನ್ನು ಪತ್ತೆ ಹಚ್ಚುತ್ತಾನೆ. ಆದರೆ ಅಕ್ಕ ತಾನಾಗಿ ಹಾರಿದ್ದಂತೆ. ಮನೆಯ ಮರ್ಯಾದೆ ಉಳಿಸಲು ನರ್ಸ್ ತಂಗಿಯೇ ಹೆಣದ ಕೈಗೆ ಎಣ್ಣೆ ಸವರಿದ್ದಂತೆ! ಮೈಯೆಲ್ಲ ಉರಿದುಹೋಯಿತು. ಫೋನ್ ಮಾಡಿದೆ.

"ಕತೆ ಕಣೇ ಅದು," ಅಂದಳು. "ಹೆಸರಿಲ್ಲ, ಊರಿಲ್ಲ. ಯಾರಿಗ್ ಗೊತ್ತಾಗ್ತದೆ? ಕೊನೇಲಿ ಒಂದು ತಿರುವು ಬೇಕಿತ್ತು."

"ನಿನ್ನ ತಿರುವಿಗೆ ಬೆಂಕಿ ಬೀಳ! ನಮ್ಮಮ್ಮ ಓದಿದ್ರೆ?"

ಅವಳು ಫೋನ್ ಇಟ್ಟುಬಿಟ್ಟಳು. ನಾನು ಪುಸ್ತಕವನ್ನು ಬೀರುವಿನಲ್ಲಿ ಸೀರೆಗಳ ಅಡಿಗೆ ತುರುಕಿದೆ.

ಸಾಗರಕ್ಕೆ ಹೋದೆ, ಹೋಗದೆ ಬಿಡುವ ಜಾಯಮಾನ ನನ್ನದಲ್ಲ. ಗುಣಗಳನ್ನೆಲ್ಲ ಹೇಳಿ ಮುಗಿಸಿ, "ಇನ್ನು ಒಂದೇ ದೋಷ," ಎಂದೆ. "ಎಣ್ಣೆಯನ್ನು ಆಮೇಲೆ ಹಚ್ಚಬಹುದು. ಉಗುರಿನ ಸಂದಿಯ ಮೇಣ? ಅದನ್ನ ಲೇಖಕಿ ಬರೆದೇ ಇಲ್ಲ. ಗೊತ್ತಿಲ್ಲದೆ ಬಿಟ್ಟಿದ್ದಲ್ಲ. ಬರೆದಿದ್ದರೆ ಕತೆ ನಿಲ್ಲುತ್ತಿರಲಿಲ್ಲ." ಜನ ಚಪ್ಪಾಳೆ ತಟ್ಟಿದರು. ಗೆಳತಿಯೂ ತಟ್ಟಿದಳು. ಉಂಡ ಮನೆಗೇ ಕನ್ನ ಹಾಕಿದವಳು, ಎಲ್ಲರೆದುರು ನನ್ನನ್ನು ತಬ್ಬಿಕೊಂಡು ಫೋಟೋ ಬೇರೆ ತೆಗೆಸಿಕೊಂಡಳು.

ಮನೆಗೆ ಬಂದಾಗ ಸಂಜೆ. ಜಗಲಿಯಲ್ಲಿ ಕೂತಿದ್ದ ಅಮ್ಮನ ಮಡಿಲಲ್ಲಿ ಅದೇ ಪುಸ್ತಕ. ಬೀರುವಿನದ್ದಲ್ಲ, ಹೊಸದು. ಲಕೋಟೆಯ ಮುದ್ರೆ ನೋಡಿದರೆ, ನಾನು ಫೋನ್ ಮಾಡುವುದಕ್ಕೂ ಮುಂಚೆಯೇ ಗೆಳತಿ ಅದನ್ನು ಅಂಚೆಗೆ ಹಾಕಿದ್ದಳು. ಮೊದಲ ಪುಟದಲ್ಲಿ ಅವಳ ದುಂಡು ಅಕ್ಷರ: 'ಕಡುಬು ತಿನ್ನಿಸಿದ ಅಮ್ಮನಿಗೆ, ಪ್ರೀತಿಯಿಂದ.'

"ಪೂರಾ ಓದಿದ್ಯಾ ಅಮ್ಮ?"

"ಹ್ಞೂಂ." ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಬಹಳ ಹೊತ್ತು ಒರೆಸಿದಳು. "ಮಗಾ, ಒಂದ್ ಕೇಳ್ತೀನಿ, ಬೇಜಾರ್ ಮಾಡ್ಕಬೇಡ. ಎಣ್ಣೆ ನೀನ್ ಹಚ್ಚಿದ್ದಾ?"

"ಇಲ್ಲಮ್ಮಾ! ನಿನ್ನಾಣೆಗೂ ಇಲ್ಲ. ಮೇಣ ಇತ್ತಮ್ಮ, ಉಗುರಲ್ಲಿ ಮೇಣ ಇತ್ತು."

"ಆಯ್ತು ಬಿಡು," ಅಂದಳು.

ಇಷ್ಟು ವರ್ಷ ನನ್ನ ಮಾತನ್ನು ನಂಬಿಕೊಂಡೇ ಇದ್ದವಳು. ಅವತ್ತು ಹಾಗೆ ಹೇಳುವಾಗ ಅಮ್ಮ ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು.